ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ ಕೂಡಲೇ ಸರ್ಕಾರಿ ಖರೀದಿ ನಿಯಮ ಬದಲಾಗುತ್ತದೆಯೇ?

ಅಧ್ಯಕ್ಷರ ಹೊಸ ಆದೇಶದ ಸುದ್ದಿ ಓದಿ, ಫೆಡರಲ್ ಸರ್ಕಾರಕ್ಕೆ ಮಾಲು ಕೊಡುವ ನಿಮ್ಮ ಕಂಪನಿ ಇವತ್ತಿನಿಂದಲೇ ಅದನ್ನು ಪಾಲಿಸಬೇಕಾ ಎಂದು ಕೇಳಿದ್ದೀರಿ. ನಾನು ಇಲ್ಲಿ ಇದೇ ಕಾಂಟ್ರಾಕ್ಟ್ ಕಾಗದಪತ್ರಗಳ ಕೆಲಸ ಮಾಡುತ್ತೇನೆ. ಸಾಮಾನ್ಯವಾಗಿ ಹಾಗೇನಿಲ್ಲ, ಗಾಬರಿಯಾಗಬೇಡಿ. ಇಂಥ ಆದೇಶ ಬರೆದಿರುವುದು ಇಲಾಖೆಗಳಿಗೆ. ನಿಮ್ಮನ್ನು ಕಟ್ಟಿಹಾಕುವುದು ನಿಮ್ಮ ಕಾಂಟ್ರಾಕ್ಟಿನೊಳಗಿನ ಷರತ್ತು.

ಆದೇಶವನ್ನು ನಿಯಮವಾಗಿ ಬರೆಯುವುದು ಫಾರ್ ಕೌನ್ಸಿಲ್. ಫಾರ್ ಅಂದರೆ 1984ರಿಂದ ಜಾರಿಯಲ್ಲಿರುವ ಫೆಡರಲ್ ಖರೀದಿ ನಿಯಮಾವಳಿ. ಕೌನ್ಸಿಲ್ ಮೊದಲು ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತದೆ. ಇದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ನೋಡಿ. ಅಮೆರಿಕದ ಮಾಲನ್ನೇ ಜಾಸ್ತಿ ಕೊಳ್ಳಬೇಕೆಂದು ಬೈಡನ್ 2021ರ ಜನವರಿಯಲ್ಲಿ ಆದೇಶ ಹೊರಡಿಸಿದರು. ಹೊಸ ಲೆಕ್ಕ ಜಾರಿಗೆ ಬಂದದ್ದು 2022ರ ಅಕ್ಟೋಬರ್ 25ಕ್ಕೆ! ಅಲ್ಲಿವರೆಗೆ ಒಂದು ಯಂತ್ರದ ಬಿಡಿಭಾಗಗಳ ವೆಚ್ಚದಲ್ಲಿ ಶೇ 55ಕ್ಕಿಂತ ಹೆಚ್ಚು ಅಮೆರಿಕದ್ದಾಗಿದ್ದರೆ ಸಾಕಿತ್ತು. ಅದು ಶೇ 60 ಆಯಿತು, 2024ರಲ್ಲಿ ಶೇ 65, 2029ಕ್ಕೆ ಶೇ 75. ನೂರು ಡಾಲರಿನ ಬಿಡಿಭಾಗಗಳಲ್ಲಿ 62 ಡಾಲರಿನವು ಇಲ್ಲಿನವಾಗಿದ್ದರೆ 2023ರಲ್ಲಿ ಕೊಟ್ಟ ಮಾಲಿಗೆ ನಡೆಯುತ್ತಿತ್ತು, ಈಗ ಕೊಡುವುದಕ್ಕೆ ಸಾಮಾನ್ಯವಾಗಿ ಸಾಲದು.

ಅಡ್ಡದಾರಿಯೂ ಇದೆ. ಫಾರ್ ತಿದ್ದುವವರೆಗೆ ಕಾಯದೆ, ಹಲವು ಕಾಂಟ್ರಾಕ್ಟುಗಳಲ್ಲಿ ಒಟ್ಟಿಗೆ ಆ ನಿಯಮ ಬಿಟ್ಟು ನಡೆಯಲು ಇಲಾಖೆಗಳು 'ಕ್ಲಾಸ್ ಡೀವಿಯೇಷನ್' ಎಂಬ ವಿನಾಯಿತಿ ಹೊರಡಿಸಬಹುದು. ಗುತ್ತಿಗೆದಾರರು ಉದ್ಯೋಗದಲ್ಲಿ ಸಮಾನ ಅವಕಾಶ ಕೊಡಬೇಕೆಂದು ಆಗಿನ ಅಧ್ಯಕ್ಷ ಜಾನ್ಸನ್ 1965ರಲ್ಲಿ ಹೊರಡಿಸಿದ್ದ ಆದೇಶವನ್ನು ಟ್ರಂಪ್ 2025ರ ಜನವರಿಯಲ್ಲಿ ರದ್ದು ಮಾಡಿದಾಗ ಆದದ್ದು ಇದೇ. ಫೆಬ್ರವರಿಯಲ್ಲೇ ವಿನಾಯಿತಿ ಬಂತು. ಇಷ್ಟು ಆತುರ ನನಗೆ ಸರಿ ಕಾಣುವುದಿಲ್ಲ. ಅಭಿಪ್ರಾಯ ಹೇಳುವ ಅವಕಾಶವೇ ಸಣ್ಣ ಕಂಪನಿಗಳಿಗೆ ತಪ್ಪಿಹೋಗುತ್ತದೆ.

ಅಧ್ಯಕ್ಷರ ಅಧಿಕಾರಕ್ಕೂ ಮಿತಿ ಇದೆ. ಅವರು ಸಾಮಾನ್ಯವಾಗಿ ನೆಚ್ಚುವುದು ಖರೀದಿಯಲ್ಲಿ ಮಿತವ್ಯಯ, ದಕ್ಷತೆ ತರಲು ಮಾಡಿದ 1949ರ ಕಾನೂನನ್ನು. ಗುತ್ತಿಗೆದಾರರ ನೌಕರರಿಗೆಲ್ಲ ಕೋವಿಡ್ ಲಸಿಕೆ ಕಡ್ಡಾಯ ಎಂದು 2021ರಲ್ಲಿ ಆದೇಶ ಬಂದಾಗ, ಆ ಕಾನೂನು ಅಷ್ಟು ದೂರ ಎಳೆಯಲು ಬರುವುದಿಲ್ಲ ಎಂದು ಜಾರ್ಜಿಯಾದ ಫೆಡರಲ್ ನ್ಯಾಯಾಲಯ ಡಿಸೆಂಬರಿನಲ್ಲಿ ತಡೆ ನೀಡಿತು.

ನೀವು ಈಗ ಮಾಡಬೇಕಾದದ್ದು ಇಷ್ಟು. ಕಾಂಟ್ರಾಕ್ಟ್ ತೆಗೆದು, ಪ್ರತಿ ಷರತ್ತಿನ ಹೆಸರಿನ ಪಕ್ಕ ಬ್ರಾಕೆಟ್‌ನಲ್ಲಿರುವ ತಿಂಗಳು, ವರ್ಷ ನೋಡಿ. ಸದ್ಯಕ್ಕೆ ನಿಮಗೆ ಅನ್ವಯಿಸುವುದು ಸಾಮಾನ್ಯವಾಗಿ ಆ ಆವೃತ್ತಿಯೇ. 2025ರ ಏಪ್ರಿಲ್‌ನ ಆದೇಶದಂತೆ ಫಾರ್ ಪೂರ್ತಿ ಹೊಸದಾಗಿ ಬರೆಯುವ ಕೆಲಸ ಶುರುವಾಗಿರುವುದರಿಂದ ಇದು ಇನ್ನೂ ಮುಖ್ಯ. ಬದಲಾವಣೆ ಬಂದರೆ ಸಾಮಾನ್ಯವಾಗಿ ಎಸ್‌ಎಫ್-30 ಎಂಬ ಫಾರ್ಮಿನಲ್ಲಿ ಬರುತ್ತದೆ. ಅದು ನಿಮ್ಮ ಸಹಿ ಕೇಳುತ್ತಿದೆಯಾ ನೋಡಿ. ಕೇಳುತ್ತಿದ್ದರೆ, ಖರ್ಚು ಎಷ್ಟು ಏರುತ್ತದೆಂದು ಮೊದಲು ಲೆಕ್ಕ ಹಾಕಿ, ದರ ಹೆಚ್ಚಿಸಿ ಎಂದು ಕಾಂಟ್ರಾಕ್ಟಿಂಗ್ ಆಫೀಸರ್‌ಗೆ, ಅಂದರೆ ಸರ್ಕಾರದ ಪರವಾಗಿ ಕಾಂಟ್ರಾಕ್ಟ್ ನೋಡಿಕೊಳ್ಳುವ ಅಧಿಕಾರಿಗೆ, ಬರೆದು ಕೇಳಿ. ಸುಮ್ನೆ ಸಹಿ ಹಾಕಿಬಿಟ್ಟರೆ ಆಮೇಲೆ ಕೇಳುವುದು ಬಹಳ ಕಷ್ಟ.