ಟಿವಿಗೆ ಚಿತ್ರ ಬಂದಿದೆ, ಧ್ವನಿ ಬಂದಿಲ್ಲ

ಪ್ರಶ್ನೆ: ಮನೆಯ ಮದುವೆಯ ವಿಡಿಯೊವನ್ನೂ ಕೌಟುಂಬಿಕ ಹಾಕಿ ಪಂದ್ಯಗಳ ರೆಕಾರ್ಡಿಂಗನ್ನೂ ಹಿರಿಯರಿಗೆ ದೊಡ್ಡ ಪರದೆಯಲ್ಲಿ ತೋರಿಸಲು ವಿಂಡೋಸ್ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿದ್ದೇವೆ. ಚಿತ್ರ ಸ್ವಚ್ಛವಾಗಿದೆ, ಧ್ವನಿ ಮಾತ್ರ ಲ್ಯಾಪ್‌ಟಾಪಿನಿಂದಲೇ ಬರುತ್ತದೆ. ಇನ್ನೂ ದುಬಾರಿಯ ಕೇಬಲ್ ಕೊಳ್ಳಬೇಕೆಂದು ಒಬ್ಬರು ಹೇಳಿದರು. ಕೊಳ್ಳಬೇಕೆ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಕೊಳ್ಳಬೇಕಾಗಿಲ್ಲ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಮತ್ತು ಧ್ವನಿ ಎರಡೂ ಅಂಕಿಗಳ ರೂಪದಲ್ಲಿ ಒಟ್ಟಿಗೇ ಸಾಗುತ್ತವೆ. ಕೇಬಲ್ ಕೆಟ್ಟಿದ್ದರೆ ಚಿತ್ರದಲ್ಲಿಯೇ ಚುಕ್ಕೆಗಳು ಕಾಣಿಸುತ್ತಿದ್ದವು, ಇಲ್ಲವೇ ಪರದೆ ಆಗಾಗ ಕಪ್ಪಾಗುತ್ತಿತ್ತು. ನಿಮ್ಮ ಚಿತ್ರ ಸ್ವಚ್ಛವಾಗಿರುವುದರಿಂದ ದೋಷವನ್ನು ಕೇಬಲ್‌ನಲ್ಲಿ ಹುಡುಕುವುದಕ್ಕಿಂತ ಲ್ಯಾಪ್‌ಟಾಪಿನ ಆಯ್ಕೆಗಳಲ್ಲಿ ಹುಡುಕುವುದು ಸರಿ. ಚಿತ್ರವನ್ನು ಎಲ್ಲಿಗೆ ಕಳುಹಿಸಬೇಕು, ಧ್ವನಿಯನ್ನು ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ವಿಂಡೋಸ್ ಬೇರೆ ಬೇರೆಯಾಗಿ ತೀರ್ಮಾನಿಸುತ್ತದೆ. ವಿಂಡೋಸ್ ಕೀ ಮತ್ತು ಪಿ ಅಕ್ಷರವನ್ನು ಒಟ್ಟಿಗೆ ಒತ್ತಿದಾಗ ಬರುವ ಪಟ್ಟಿ ಚಿತ್ರಕ್ಕೆ ಮಾತ್ರ ಸಂಬಂಧಿಸಿದ್ದು. ಧ್ವನಿಗಾಗಿ ಪರದೆಯ ಕೆಳಗೆ ಬಲತುದಿಯಲ್ಲಿರುವ ಸ್ಪೀಕರ್ ಚಿಹ್ನೆಯನ್ನು ಒತ್ತಿ, ವಾಲ್ಯೂಮ್ ಪಟ್ಟಿಯ ಬಳಿಯ ಸಣ್ಣ ಬಾಣದ ಗುರುತನ್ನು ತೆರೆದರೆ ಧ್ವನಿ ಹೊರಡಬಹುದಾದ ಸಾಧನಗಳೆಲ್ಲ ಕಾಣುತ್ತವೆ. ಅಲ್ಲಿ ನಿಮ್ಮ ಟಿವಿಯ ಹೆಸರನ್ನು ಆಯ್ದುಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ವಿಡಿಯೊ ತೋರಿಸುತ್ತಿರುವ ತಂತ್ರಾಂಶವನ್ನು ಪೂರ್ತಿಯಾಗಿ ಮುಚ್ಚಿ ಮತ್ತೆ ತೆರೆಯಿರಿ, ಏಕೆಂದರೆ ಕೇಬಲ್ ಸಿಕ್ಕಿಸುವ ಮೊದಲೇ ತೆರೆದಿದ್ದ ಕೆಲವು ತಂತ್ರಾಂಶಗಳು ಹಳೆಯ ಸ್ಪೀಕರನ್ನೇ ಹಿಡಿದುಕೊಂಡಿರುತ್ತವೆ. ದೂರದೂರಿನಲ್ಲಿರುವ ಮಕ್ಕಳೊಂದಿಗೆ ಮಾತನಾಡಲು ಬಳಸುವ ವಿಡಿಯೊ ಕರೆಯ ತಂತ್ರಾಂಶಗಳಂತೂ ತಮ್ಮದೇ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರನ್ನು ಬೇರೆಯಾಗಿ ಆರಿಸಲು ಕೇಳುತ್ತವೆ.

ಪಟ್ಟಿಯಲ್ಲಿ ಟಿವಿಯ ಹೆಸರೇ ಇಲ್ಲವೆಂದಾದರೆ ವಿಷಯ ಸ್ವಲ್ಪ ಬೇರೆ. ಕೇಬಲ್ ಸೇರಿದ ಕ್ಷಣದಲ್ಲಿ ಟಿವಿಯು ತಾನು ಯಾವ ಅಳತೆಯ ಚಿತ್ರವನ್ನು, ಯಾವ ಬಗೆಯ ಧ್ವನಿಯನ್ನು ಸ್ವೀಕರಿಸಬಲ್ಲೆ ಎಂಬ ವಿವರವನ್ನು ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಆ ವಿವರ ಸರಿಯಾಗಿ ತಲುಪದಿದ್ದರೆ ಲ್ಯಾಪ್‌ಟಾಪು ಟಿವಿಯನ್ನು ಸ್ಪೀಕರೇ ಇಲ್ಲದ ಬರಿಯ ಮಾನಿಟರ್ ಎಂದು ಭಾವಿಸಬಹುದು. ಆದ್ದರಿಂದ ಎರಡನ್ನೂ ಆಫ್ ಮಾಡಿ, ಮೊದಲು ಟಿವಿ ಹಾಕಿ ಸರಿಯಾದ ಎಚ್‌ಡಿಎಂಐ ಇನ್‌ಪುಟ್ ಆರಿಸಿಕೊಂಡು, ಅನಂತರ ಲ್ಯಾಪ್‌ಟಾಪನ್ನು ಹಾಕಿ ನೋಡಿ. ಟಿವಿಯ ಹಿಂಬದಿಯ ಕಿಂಡಿಗಳಲ್ಲಿ ಒಂದರ ಪಕ್ಕ ಡಿವಿಐ (ಮುಖ್ಯವಾಗಿ ಚಿತ್ರಕ್ಕೆಂದೇ ಇದ್ದ ಹಳೆಯ ಬಗೆಯ ಜೋಡಣೆ) ಎಂದೂ ಬರೆದಿದ್ದರೆ ಅದನ್ನು ಬಿಟ್ಟು ಇನ್ನೊಂದನ್ನು ಬಳಸುವುದು ಲೇಸು. ಇಷ್ಟಾದರೂ ಟಿವಿ ಕಾಣಿಸದಿದ್ದರೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಚಿತ್ರದ ಭಾಗವನ್ನು ನಡೆಸುವ ತಂತ್ರಾಂಶವನ್ನು, ತಯಾರಕರ ಜಾಲತಾಣದಿಂದಲೇ ಹೊಸದಾಗಿ ಹಾಕಿಕೊಳ್ಳಬೇಕು, ಏಕೆಂದರೆ ಎಚ್‌ಡಿಎಂಐ ಧ್ವನಿಯ ಡ್ರೈವರು ಸಾಮಾನ್ಯವಾಗಿ ಅದರ ಜೊತೆಯಲ್ಲಿಯೇ ಬರುತ್ತದೆ.

ಮದುವೆಯ ವಿಡಿಯೊಗೆ ಧ್ವನಿ ಇದ್ದು ಯಾವುದೋ ಸಿನಿಮಾ ಕಡತಕ್ಕೆ ಮಾತ್ರ ಇಲ್ಲದಿದ್ದರೆ, ಅದು ಡಾಲ್ಬಿ ಅಥವಾ ಡಿಟಿಎಸ್ ಎಂಬ ಸಿನಿಮಾ ಧ್ವನಿಯ ಸಂಕೇತಗಳಲ್ಲಿರುವ ಕಡತವಾಗಿದ್ದು ನಿಮ್ಮ ಪ್ಲೇಯರ್ ಅದನ್ನು ಬಿಡಿಸದೆ ಹಾಗೆಯೇ ಟಿವಿಗೆ ದಾಟಿಸುತ್ತಿರಬಹುದು. ಡಿಟಿಎಸ್ ಅನ್ನು ಬಿಡಿಸಲಾರದ ಟಿವಿಗಳು ಸಾಕಷ್ಟಿವೆ. ಪ್ಲೇಯರಿನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ಥ್ರೂ ಎಂಬುದನ್ನು ತೆಗೆದುಹಾಕಿ. ವಾಲಗವಿಲ್ಲದ ಮದುವೆಯನ್ನು ಹಿರಿಯರು ಎಷ್ಟು ಹೊತ್ತು ನೋಡಿಯಾರು?

ಪ್ರಶ್ನೆ: ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ ವಿಜಿಎ ಕಿಂಡಿ ಮಾತ್ರ ಇದೆ, ಟಿವಿಯಲ್ಲಿ ಎಚ್‌ಡಿಎಂಐ ಇದೆ. ಅಡಾಪ್ಟರ್ ತಂದರೂ ಏನೂ ಕಾಣಿಸುತ್ತಿಲ್ಲ.
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಈ ಅಡಾಪ್ಟರುಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಎಚ್‌ಡಿಎಂಐಯನ್ನು ವಿಜಿಎಗೆ ಬದಲಿಸುವುದನ್ನು ತಿರುಗಿಸಿ ಸಿಕ್ಕಿಸಿದರೆ ಪ್ರಯೋಜನವಿಲ್ಲ. ನೀವು ಕೇಳಿ ಪಡೆಯಬೇಕಾದದ್ದು ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವಂಥದ್ದು. 1987ರಲ್ಲಿ ಐಬಿಎಂ ಹೊರತಂದ ವಿಜಿಎ ಅನಲಾಗ್ ಚಿತ್ರವನ್ನಷ್ಟೇ ಸಾಗಿಸುತ್ತದೆ, ಅದರ 15 ಪಿನ್‌ಗಳಲ್ಲಿ ಧ್ವನಿಗೆ ಎಡೆಯೇ ಇಲ್ಲ. ಹೀಗಾಗಿ ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಧ್ವನಿಯನ್ನು ಎಳೆದುಕೊಳ್ಳುವ 3.5 ಮಿಲಿಮೀಟರ್ ತಂತಿಯೂ, ವಿದ್ಯುತ್ತಿಗಾಗಿ ಯುಎಸ್‌ಬಿ ತಂತಿಯೂ ಇರುವ ಅಡಾಪ್ಟರನ್ನೇ ನೋಡಿ ಕೊಳ್ಳಿ. ಆಗ ವಿಂಡೋಸ್‌ನಲ್ಲಿ ಧ್ವನಿಯ ಸಾಧನವನ್ನು ಬದಲಿಸಬಾರದು, ಹೆಡ್‌ಫೋನ್ ಆಯ್ಕೆಯಲ್ಲಿಯೇ ಇರಲಿ.

ಪ್ರಶ್ನೆ: ಮಡಿಕೇರಿಯ ಹೊರವಲಯದ ನಮ್ಮ ಹೋಂಸ್ಟೇಯಲ್ಲಿ ಮಳೆಗಾಲದಲ್ಲಿ ಇಂಟರ್‌ನೆಟ್ ಆಗಾಗ ನಿಂತುಹೋಗುತ್ತದೆ. ಅತಿಥಿಗಳು ತಂತಿಯಿಲ್ಲದೆ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಬಹುದೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಟಿವಿಯಲ್ಲಿ ಮಿರಾಕಾಸ್ಟ್ ಸೌಲಭ್ಯವಿದ್ದರೆ ಜೋಡಿಸಬಹುದು. 2012ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಲ್ಯಾಪ್‌ಟಾಪು ವೈಫೈ ಡೈರೆಕ್ಟ್ ಮೂಲಕ ನೇರವಾಗಿ ಟಿವಿಯೊಂದಿಗೆ ಮಾತನಾಡುವುದರಿಂದ ಇಂಟರ್‌ನೆಟ್ ಸಂಪರ್ಕ ಬೇಕಿಲ್ಲ, ರೂಟರ್ ಕೂಡ ಬೇಕಿಲ್ಲ. ಟಿವಿಯಲ್ಲಿ ಸ್ಕ್ರೀನ್ ಮಿರರಿಂಗ್ ತೆರೆದು, ವಿಂಡೋಸ್ 10 ಅಥವಾ 11ರಲ್ಲಿ ವಿಂಡೋಸ್ ಕೀ ಜೊತೆ ಕೆ ಅಕ್ಷರವನ್ನು ಒತ್ತಿದರೆ ಟಿವಿಯ ಹೆಸರು ಬರುತ್ತದೆ. ಮೊದಲೇ ಇಳಿಸಿಟ್ಟುಕೊಂಡ ವಿಡಿಯೊಗಳಿಗೆ ಇಷ್ಟು ಸಾಕು. ಆನ್‌ಲೈನ್ ಸಿನಿಮಾಗಳಿಗೆ ಸಹಜವಾಗಿಯೇ ಇಂಟರ್‌ನೆಟ್ ಬೇಕು. ಮ್ಯಾಕ್ ತಂದ ಅತಿಥಿಗಳಿಗೆ ಮಿರಾಕಾಸ್ಟ್ ಒದಗುವುದಿಲ್ಲ, ಅವರಿಗೆ ಆ್ಯಪಲ್‌ನ ಇಂಥದೇ ವ್ಯವಸ್ಥೆಯಾದ ಏರ್‌ಪ್ಲೇ ಇರುವ ಟಿವಿ ಅಥವಾ ಕೇಬಲ್ ಬೇಕಾಗುತ್ತದೆ.

ನಮ್ಮ ಕಡೆಯ ಸಿಡಿಲನ್ನು ನೆನೆದರೆ ತಂತಿಯಿಲ್ಲದ ಜೋಡಣೆಗೆ ಇನ್ನೊಂದು ಲಾಭವಿದೆ. ಡಿಶ್ ಕೇಬಲ್‌ನಿಂದ ಟಿವಿಗೆ ನುಗ್ಗಿದ ಆಘಾತವು ಎಚ್‌ಡಿಎಂಐ ತಂತಿಯ ಮೂಲಕ ಅತಿಥಿಯ ಲ್ಯಾಪ್‌ಟಾಪಿಗೂ ದಾಟಬಹುದಾದ ದಾರಿ ಇಲ್ಲಿ ಇರುವುದಿಲ್ಲ. ಆದರೂ ಗುಡುಗು ಶುರುವಾಗುವ ಮೊದಲೇ ಟಿವಿಯ ಪ್ಲಗ್ಗನ್ನೂ ಡಿಶ್ ತಂತಿಯನ್ನೂ ಕಳಚಿಡಲು ನಿಮ್ಮ ಕೆಲಸದವರಿಗೆ ಹೇಳಿರಬೇಕು, ರಿಮೋಟಿನಲ್ಲಿ ಆರಿಸಿದರೆ ಸಾಲದು.