ಕ್ವಿನ್ಸ್ ಹಣ್ಣು ಒಳಗೆ ಕಂದಾಗುತ್ತಿದ್ದರೆ

ಕ್ವಿನ್ಸ್ (ಸೇಬಿನ ಬಳಗದ, ಬೇಯಿಸಿ ತಿನ್ನುವ ಗಟ್ಟಿ ಹಣ್ಣು) ಹೊರಗೆ ಅಚ್ಚ ಹಳದಿಯಾಗಿದ್ದು, ಹೆಚ್ಚಿ ನೋಡಿದಾಗ ಒಳಗೆ ಕಂದಾಗಿದ್ದರೆ, ಬಹುಶಃ ಮರದಲ್ಲೇ ಹೆಚ್ಚು ದಿನ ಬಿಟ್ಟಿದ್ದೀರಿ. ಪೂರ್ತಿ ಹಣ್ಣಾಗಿ ಕಿತ್ತ ಕ್ವಿನ್ಸ್ ಅಡುಗೆಗೆ ಚೆನ್ನ, ಇಟ್ಟುಕೊಳ್ಳಲು ಆಗದು. ಕಂದು ಬಣ್ಣ ಬೀಜದ ಸುತ್ತಲಿಂದ ಹರಡಿದ್ದರೆ ಇದೇ ಕಾರಣ. ಸಿಪ್ಪೆ ಕಡೆಯಿಂದ ಒಳಕ್ಕಿಳಿದಿದ್ದರೆ ಪೆಟ್ಟು ಬಿದ್ದಿದೆ. ಕೈಗೆ ಕಲ್ಲಿನಂತಿದ್ದರೂ ಇದು ಬಲು ನಾಜೂಕಿನ ಹಣ್ಣು, ಬುಟ್ಟಿಗೆ ಎಸೆದರೆ ಕೆಟ್ಟಿತೆಂದೇ ಲೆಕ್ಕ.

ಮೊದಲು ಎಲ್ಲವನ್ನೂ ಹರಡಿ ಆರಿಸಿ. ಕಲೆ, ಹುಳುಕು ಇದ್ದವನ್ನು ಈ ವಾರವೇ ಬೇಯಿಸಿ. ಒಳಗೆ ಕಂದಾಗಿದ್ದರೂ ಗಟ್ಟಿಯಾಗಿದ್ದು ವಾಸನೆ ಸರಿಯಿದ್ದರೆ ಜಾಮ್‌ಗೆ ನಡೆಯುತ್ತದೆ (ಬೆಂದಾಗ ಹೇಗೂ ಕೆಂಪಾಗುತ್ತದೆ). ಮೆತ್ತಗಾಗಿದ್ದರೆ ಅಥವಾ ಬೂಷ್ಟು ಹಿಡಿದಿದ್ದರೆ ಎಸೆಯಿರಿ.

ಚೆನ್ನಾಗಿರುವವನ್ನು ತೊಳೆಯಬೇಡಿ, ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್‌ನ ತರಕಾರಿ ಡಬ್ಬಿಗೆ ಹಾಕಿ. ಒಂದರ ಮೇಲೊಂದು ಪೇರಿಸಬೇಡಿ. 0ರಿಂದ 4 ಡಿಗ್ರಿಯಲ್ಲಿ ಸುಮಾರು 2 ತಿಂಗಳು ಬಾಳುತ್ತವೆ. ಅಡುಗೆಮನೆಯ ಕಟ್ಟೆ ಮೇಲಾದರೆ ಒಂದು ವಾರವಷ್ಟೇ ನಂಬಿ. ನೆಲಮಾಳಿಗೆಯಲ್ಲೇ ಇಡುವುದಾದರೆ ಅದು ತಂಪಾಗಿ, ಗಾಳಿಯಾಡುವಂತಿರಬೇಕು. ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ.

ಸೇಬಿನ ಪೆಟ್ಟಿಗೆಯ ಪಕ್ಕ ಮಾತ್ರ ಬೇಡ. ಕ್ವಿನ್ಸ್‌ನ ಘಮ ಸೇಬಿಗೆ ಹತ್ತುತ್ತದೆ, ಮುಚ್ಚದ ಬೆಣ್ಣೆಗೂ ಅಷ್ಟೇ.

ವಾರಕ್ಕೊಮ್ಮೆ ಕಾಗದ ಬಿಚ್ಚಿ ನೋಡಿ, ಮೆತ್ತಗಾದದ್ದನ್ನು ತೆಗೆದುಬಿಡಿ. ಮುಂದಿನ ಸಲ ಹಸಿರು ಹೋಗಿ ಹಳದಿಗೆ ತಿರುಗುತ್ತಿದ್ದಂತೆ, ಹಿಮ ಬೀಳುವ ಮೊದಲೇ, ತೊಟ್ಟು ಸಮೇತ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ.