ಓದುಗರ ಪ್ರಶ್ನೆ: ಕರಿ ಡಯಲ್ ಫೋನಿನಿಂದ ಕಿಸೆಯ ಮೊಬೈಲ್ ತನಕ

ಫೋನಿನ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪ್ರಶ್ನೆಗಳ ಬೇರು ಒಂದೇ. ತಾಮ್ರದ ತಂತಿಯ ಕಾಲದಲ್ಲಿ ಫೋನಿಗೆ ಬೇಕಾದ ಕರೆಂಟನ್ನು ಎಕ್ಸ್‌ಚೇಂಜೇ ಕೊಡುತ್ತಿತ್ತು, ಲೈನ್ ಕೆಟ್ಟರೆ ಲೈನ್‌ಮನ್ ಬರುತ್ತಿದ್ದರು. ಈಗ ಆ ಹೊಣೆಯಲ್ಲಿ ದೊಡ್ಡ ಪಾಲು ನಮ್ಮ ಮನೆಯ ಫೈಬರ್ ಪೆಟ್ಟಿಗೆಗೂ ಕೈಯಲ್ಲಿನ ಬ್ಯಾಟರಿಗೂ ಬಂದಿದೆ.

ನಮ್ಮ ಮುತ್ಯಾನ ಕಾಲದ ಕರಿ ಡಯಲ್ ಫೋನ್ ಅದ. ಮನ್ಯಾಗ ಹೊಸದಾಗಿ ಫೈಬರ್ ಹಾಕ್ಸೀವಿ. ಅದಕ್ಕ ಜೋಡಿಸಿದ್ರ ಗಂಟಿ ಸಣ್ಣಗ ಹೊಡೀತದ, ಮಾತೂ ಕೇಳ್ತದ. ಆದ್ರ ನಂಬರ್ ತಿರುವಿದ್ರ ಹೋಗಂಗಿಲ್ಲ. ಯಾಕ್ರಿ? – ಬೀದರ್

ನಿಮ್ಮ ಫೋನ್ ಕೆಟ್ಟಿಲ್ಲ. ಅದು ನಂಬರ್ ಹೇಳುವ ರೀತಿ ಹೊಸ ಪೆಟ್ಟಿಗೆಗೆ ತಿಳಿಯುತ್ತಿಲ್ಲ, ಅಷ್ಟೆ.

ಡಯಲ್ ತಿರುವಿ ಬೆರಳು ಬಿಟ್ಟಾಗ ಅದು ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬರುತ್ತದೆ. ಬರುವಾಗ ಲೈನನ್ನು ಕಡಿದು ಕಡಿದು ಕೂಡಿಸುತ್ತದೆ. 3ಕ್ಕೆ ಮೂರು ಸಲ, 9ಕ್ಕೆ ಒಂಬತ್ತು ಸಲ, ಸೊನ್ನೆಗೆ ಹತ್ತು ಸಲ. ವೇಗ ಸೆಕೆಂಡಿಗೆ 10 ಕಡಿತ. ಹಳೆಯ ಎಕ್ಸ್‌ಚೇಂಜಿನ ಸ್ವಿಚ್ಚುಗಳು ಈ ಕಡಿತಗಳನ್ನು ಎಣಿಸಿಯೇ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಿದ್ದವು. ಆಮೇಲೆ ಬಂದ ಗುಂಡಿ ಫೋನ್ ಒಂದೊಂದು ಅಂಕಿಗೆ ಎರಡೆರಡು ಸ್ವರಗಳನ್ನು ಒಟ್ಟಿಗೆ ಕಳಿಸುತ್ತದೆ. 1 ಒತ್ತಿದರೆ 697 ಮತ್ತು 1209 ಹರ್ಟ್ಸ್. ಈಗಿನ ಎಷ್ಟೋ ಫೈಬರ್ ಪೆಟ್ಟಿಗೆಗಳಿಗೆ ಈ ಸ್ವರಗಳಷ್ಟೇ ಗೊತ್ತು, ಕಡಿತ ಎಣಿಸಲು ಬರುವುದಿಲ್ಲ.

ಮೊದಲು ಫೈಬರ್ ಹಾಕಿದವರನ್ನು 'ಇದರಲ್ಲಿ ಪಲ್ಸ್ ಡಯಲಿಂಗ್ ಸೆಟ್ಟಿಂಗ್ ಇದೆಯೇ' ಎಂದು ಕೇಳಿ. ಕೆಲವು ಮಾದರಿಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಪಲ್ಸ್ ಟು ಟೋನ್ ಕನ್ವರ್ಟರ್ ಎಂಬ ಸಣ್ಣ ಡಬ್ಬಿ ಆನ್‌ಲೈನಿನಲ್ಲಿ ಸಿಗುತ್ತದೆ, ಫೋನಿಗೂ ಪೆಟ್ಟಿಗೆಗೂ ನಡುವೆ ಹಾಕಬೇಕು. ಎರಡೂ ಬೇಡವೆಂದರೆ ಕರೆ ಬಂದಾಗ ಎತ್ತಿ ಮಾತಾಡಲು ಇದನ್ನು ಇಟ್ಟುಕೊಳ್ಳಿ, ಕರೆ ಮಾಡಲು ಗುಂಡಿ ಫೋನ್ ಬಳಸಿ.

ಗಂಟೆ ಸಣ್ಣಗಾದುದಕ್ಕೆ ಕಾರಣ ಬೇರೆ. ಎಕ್ಸ್‌ಚೇಂಜ್ ಗಂಟೆ ಹೊಡೆಸಲು 75ರಿಂದ 90 ವೋಲ್ಟ್ ಎ.ಸಿ. ಕಳಿಸುತ್ತಿತ್ತು. ಒಳಗಿನ ಸುರುಳಿ, ಸುತ್ತಿಗೆ, ಎರಡು ಹಿತ್ತಾಳೆ ಬಟ್ಟಲು ಅಷ್ಟಕ್ಕೆಂದೇ ಮಾಡಿದವು. ಮನೆಯ ಪೆಟ್ಟಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಕೊಡುತ್ತದೆ. ಅದೇ ಲೈನಿಗೆ ಇನ್ನೊಂದು ಫೋನ್ ಜೋಡಿಸಿದ್ದರೆ ತೆಗೆಯಿರಿ, ಗಂಟೆ ತುಸು ಗಟ್ಟಿಯಾಗುತ್ತದೆ.

ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದ ಫೋನಾದರೆ ಇನ್ನೆರಡು ಕಡೆ ನೋಡಿ. ಲೈನಿನಿಂದ ತಂತಿ ತೆಗೆದ ಮೇಲೇ ಬಿಚ್ಚಿ, ಗಂಟೆಯ ಕರೆಂಟು ಜೋರಾಗಿ ಹೊಡೆಯುತ್ತದೆ. ಡಯಲಿನಲ್ಲಿ ಸೊನ್ನೆ ತಿರುವಿ ಬಿಡಿ: ಸುಮಾರು ಒಂದು ಸೆಕೆಂಡು, ಹೆಚ್ಚೆಂದರೆ ಇನ್ನೊಂದು ಚೂರು, ಅಷ್ಟರಲ್ಲಿ ಸ್ವಸ್ಥಾನಕ್ಕೆ ಬರಬೇಕು. ಎರಡು ಸೆಕೆಂಡು ಹಿಡಿದರೆ ಹಳೆಯ ಎಣ್ಣೆ ಧೂಳಿನೊಂದಿಗೆ ಗಟ್ಟಿಯಾಗಿದೆ. ಹಲ್ಲುಚಕ್ರದ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಮುಟ್ಟಿಸಿದರೆ ಸಾಕು. ವೇಗ ಹಿಡಿದಿಡುವ ಗವರ್ನರಿಗೆ ಎಣ್ಣೆ ತಾಗಬಾರದು. ಅದು ತಿಕ್ಕಾಟದಿಂದಲೇ ಕೆಲಸ ಮಾಡುತ್ತದೆ, ಎಣ್ಣೆ ತಾಗಿದರೆ ಡಯಲ್ ವಿಪರೀತ ಓಡುತ್ತದೆ. ಆ ಕಡೆಯವರಿಗೆ ನಿಮ್ಮ ದನಿ ಮಂಕಾಗಿ ಕೇಳಿದರೆ ಮಾತಾಡುವ ತುದಿಯ ಮುಚ್ಚಳ ತಿರುಗಿಸಿ ತೆಗೆಯಿರಿ. ಒಳಗಿನ ಬಿಲ್ಲೆಯಲ್ಲಿ ಕಾರ್ಬನ್ ಹರಳುಗಳಿವೆ. ತೇವಕ್ಕೆ ಅವು ಒಂದಕ್ಕೊಂದು ಅಂಟಿ ಕೂತರೆ ದನಿಗೆ ಅಲುಗುವುದಿಲ್ಲ. ಬಿಲ್ಲೆಯನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟಿ, ಒಣ ಜಾಗದಲ್ಲಿ ಒಂದು ದಿನ ಇಟ್ಟು ಮತ್ತೆ ಹಾಕಿ. ಬಿಸಿಲಿಗೆ ಇಡಬೇಡಿ.

ಮೊದಲ ಕರೆಂಟ್ ಹೋದ್ರೂ ಫೋನ್ ನಡೀತಿತ್ತು. ಈಗ ಕರೆಂಟ್ ಹೋತು ಅಂದ್ರ ಫೋನೂ ಹೋತು. ಯಾರಿಗಿ ಹೇಳ್ಬೇಕ್ರಿ? – ಸೇಡಂ

ಇದಕ್ಕೆ ದೂರು ಕೊಟ್ಟು ಫಲವಿಲ್ಲ, ವ್ಯವಸ್ಥೆಯೇ ಹಾಗಿದೆ. ತಾಮ್ರದ ಜೋಡಿ ತಂತಿಯಲ್ಲಿ ಮಾತಿನ ಜೊತೆ 48 ವೋಲ್ಟ್ ಡಿ.ಸಿ. ಕೂಡ ಬರುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿ ಸಾಲು, ಅದರ ಹಿಂದೆ ಜನರೇಟರ್. ಇಡೀ ಊರು ಕತ್ತಲಾದರೂ ಫೋನಿಗೆ ಕರೆಂಟು ತಪ್ಪುತ್ತಿರಲಿಲ್ಲ. ಈಗಿನ ಫೈಬರ್ ಎಂಬ ಗಾಜಿನ ಎಳೆಯಲ್ಲಿ ಬರುವುದು ಬೆಳಕು ಮಾತ್ರ. ಅದನ್ನು ಮಾತಾಗಿಸುವ ಪೆಟ್ಟಿಗೆಗೆ ನಿಮ್ಮ ಮನೆಯ ಕರೆಂಟೇ ಬೇಕು.

ಸಣ್ಣ ಡಿ.ಸಿ. ಯುಪಿಎಸ್ ಹಾಕಿ. ಪೆಟ್ಟಿಗೆಯ ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ (ಬಹುಮಟ್ಟಿಗೆ 12) ಯುಪಿಎಸ್‌ನದಕ್ಕೆ ಸರಿಯಾಗಿ ಹೊಂದಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಹೀಗೆ: 8,000 ಎಂಎಎಚ್, 3.7 ವೋಲ್ಟ್ ಬ್ಯಾಟರಿ ಎಂದರೆ ಸುಮಾರು 30 ವಾಟ್-ಗಂಟೆ. ಸೋರಿಕೆ ಕಳೆದು 24 ಎಂದಿಟ್ಟುಕೊಳ್ಳಿ. ಪೆಟ್ಟಿಗೆ 8 ವಾಟ್ ಎಳೆದರೆ ಮೂರು ಗಂಟೆ. ಬೀದಿಯಲ್ಲಿ ಫೈಬರ್ ಕವಲೊಡೆಯುವ ಸ್ಪ್ಲಿಟರಿಗೆ ಕರೆಂಟು ಬೇಡ, ಆದ್ದರಿಂದ ಎಕ್ಸ್‌ಚೇಂಜ್ ಕಡೆ ವಿದ್ಯುತ್ ಇದ್ದರೆ ನಿಮ್ಮ ಫೋನ್ ನಡೆಯುತ್ತದೆ.

ಕರೆಂಟ್ ಇದ್ದೂ ಫೋನ್ ಸತ್ತಿದ್ದು, ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿದ್ದರೆ ಬೆಳಕು ಬರುತ್ತಿಲ್ಲ ಎಂದರ್ಥ. ಮೊದಲು ಗೋಡೆಯ ಮೂಲೆಯಲ್ಲಿ ಕೇಬಲ್ ಮಡಚಿಕೊಂಡಿದೆಯೇ ನೋಡಿ. ಮೊಳೆಗೆ ಬಿಗಿಯಾಗಿ ಸುತ್ತಿದರೂ ಬೆಳಕು ಸೋರುತ್ತದೆ. ಬಿಚ್ಚಿದ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿಟ್ಟು ನೋಡಲೇಬೇಡಿ.

ಟ್ರಂಕ್ ಕಾಲ್‌ನಿಂದ ಮೊಬೈಲ್‌ಗೆ ನಮ್ಮ ದೇಶ ಬಂದ ದಾರಿಯನ್ನು ಇಸವಿ ಸಹಿತ ತಿಳಿಸಿ, ಪ್ರಾಜೆಕ್ಟಿಗೆ ಬೇಕು. – ಹುಮನಾಬಾದ್, ವಿದ್ಯಾರ್ಥಿನಿ

ಭಾರತದ ಮೊದಲ ಎಕ್ಸ್‌ಚೇಂಜುಗಳು 1882ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಶುರುವಾದವು. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಆರಂಭವಾಯಿತು, ಮನೆಮನೆಯ ಡಯಲ್ ಫೋನುಗಳು ಅಲ್ಲಿ ತಯಾರಾದವು. ಪರಸ್ಥಳಕ್ಕೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಆಪರೇಟರ್ ಕರೆಯುವವರೆಗೆ ಕಾಯಬೇಕಿತ್ತು. ಸಾದಾ, ಅರ್ಜೆಂಟ್, ಲೈಟ್ನಿಂಗ್ ಎಂದು ದರ ಏರುತ್ತಿತ್ತು. ಇಂಥವರೇ ಬೇಕು ಎಂದರೆ ಪಿಪಿ ಕಾಲ್. ನೇರ ಡಯಲ್ ಮಾಡುವ ಎಸ್‌ಟಿಡಿ 1960ರಲ್ಲಿ ಲಖನೌ–ಕಾನ್ಪುರ ನಡುವೆ ಮೊದಲು ಬಂತು.

ನಮ್ಮ ಕಡೆಯ ಊರುಗಳ ದೃಷ್ಟಿಯಿಂದ ದೊಡ್ಡ ತಿರುವು 1984. ಆ ವರ್ಷ ಸಿ-ಡಾಟ್ ಎಂಬ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಹುಟ್ಟಿತು. ಅದು ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜಿಗೆ ಎಸಿ ಕೋಣೆ ಬೇಕಿರಲಿಲ್ಲ. ವಿದೇಶಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕು, ಧೂಳು ಆಗದು. ಇದು ಬಿಸಿಲಲ್ಲೂ ಧೂಳಲ್ಲೂ ನಡೆಯಿತು. 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಮೊದಲು ಶುರುವಾಯಿತು. ಹಳ್ಳಿಗಳಿಗೆ ಫೋನ್ ಬಂದದ್ದೂ, ಹಳದಿ ಫಲಕದ ಎಸ್‌ಟಿಡಿ ಬೂತುಗಳು ಹಬ್ಬಿದ್ದೂ ಇಂಥ ಎಕ್ಸ್‌ಚೇಂಜುಗಳಿಂದ. ಮೊಬೈಲಿನ ಇತಿಹಾಸ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ, ನೀನು ಬಿಡಬೇಡಮ್ಮಾ.

ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು. ಕಲ್ಕತ್ತಾದಿಂದ ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಜೊತೆ ಮಾತಾಡಿದರು. ಆಗ ಬಂದ ಕರೆಗೂ ದುಡ್ಡು. ಬಿಎಸ್‌ಎನ್‌ಎಲ್ ಆದದ್ದು 2000ದ ಅಕ್ಟೋಬರ್ 1ಕ್ಕೆ, ಒಳಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ, 5ಜಿ ಶುರುವಾದದ್ದು 2022ರಲ್ಲಿ.

ನಮ್ದು ಹಳೀ ಕಲ್ಲಿನ ಮನಿ. ಅಂಗಳದಾಗ ಫುಲ್ ಸಿಗ್ನಲ್, ಒಳಗ ಬಂದ್ರ ಒಂದೂ ಕಡ್ಡಿ ಇಲ್ಲ. ಬೂಸ್ಟರ್ ತಗೋರಿ ಅಂತಾರ. ತಗೋಬೇಕೇನ್ರಿ? – ಶಹಾಪುರ

ಬೇಡ. ಖಾಸಗಿಯವರು ಅನುಮತಿಯಿಲ್ಲದೆ ಬೂಸ್ಟರ್ ಹಾಕುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯ, ಅದರ ಗದ್ದಲ ಟವರಿನ ಕಿವಿಗೆ ಬಿದ್ದು ಓಣಿಯ ಎಲ್ಲರ ಕರೆಗಳೂ ಕಡಿಯುತ್ತವೆ. ಯಾರದೋ ಮನೆಯಿಂದ ಆಂಬುಲೆನ್ಸಿಗೆ ಹೋಗಬೇಕಾದ ಕರೆಯೂ ಅದರಲ್ಲಿರಬಹುದು.

ಎರಡಡಿ ದಪ್ಪದ ಕಲ್ಲುಗೋಡೆ, ಮಾಳಿಗೆಯ ಮಣ್ಣು ಇವೆರಡೂ ರೇಡಿಯೊ ಅಲೆಯನ್ನು ಹೀರುತ್ತವೆ. ಮಾಡಿಗೆ ತಗಡು ಹಾಕಿದ್ದರೆ ಇನ್ನೂ ಕಷ್ಟ, ಲೋಹ ಅಲೆಯನ್ನು ಹಿಂದಕ್ಕೇ ತಳ್ಳುತ್ತದೆ. 800–900 ಮೆಗಾಹರ್ಟ್ಸಿನ ಅಲೆ ಗೋಡೆ ದಾಟುವಷ್ಟು 2300ರದು ದಾಟದು.

ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಸೆಟ್ಟು ಒಂದೊಂದು ರೀತಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್‌ಗೆ ಹೋದರೆ ಬಹಳಷ್ಟು ಸೆಟ್ಟುಗಳಲ್ಲಿ ಸಿಗ್ನಲ್ ಬಲ ಡಿಬಿಎಂನಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನ, ಮೈನಸ್ 105 ದುರ್ಬಲ, 115 ದಾಟಿದರೆ ಮಾತು ಕಡಿಯುತ್ತದೆ. ಹತ್ತು ಅಂಕಿ ಇಳಿದರೆ ಬಲ ಹತ್ತರಲ್ಲಿ ಒಂದು ಪಾಲಾಯಿತು ಎಂದು ತಿಳಿಯಿರಿ. ಕೋಣೆ ಕೋಣೆಗೆ ಹೋಗಿ ಬರೆದುಕೊಳ್ಳಿ. ಬೇರೆ ಕಂಪನಿಯ ಸಿಮ್ ಇರುವವರನ್ನು ಕರೆದು ಅದೇ ಜಾಗಗಳಲ್ಲಿ ಅವರ ಫೋನನ್ನೂ ನೋಡಿ. ಅವರದು ಹತ್ತು-ಹದಿನೈದು ಅಂಕಿ ಮೇಲಿದ್ದರೆ ನಂಬರ್ ಬದಲಿಸದೆ ಕಂಪನಿ ಬದಲಿಸಿ: ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಬರೆದು 1900ಕ್ಕೆ ಎಸ್‌ಎಂಎಸ್ ಮಾಡಬೇಕು. ಬರುವ ಕೋಡ್ ನಾಲ್ಕು ದಿನ ನಡೆಯುತ್ತದೆ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಇಷ್ಟೆಲ್ಲ ಬೇಕಿಲ್ಲ. ಫೋನಿನ ಸಿಮ್ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ನಿಮ್ಮ ಸೆಟ್ಟು, ಕಂಪನಿ ಎರಡೂ ಅದನ್ನು ಕೊಡುತ್ತಿದ್ದರೆ ಕರೆ ಟವರಿನ ಬದಲು ವೈಫೈ ಮೂಲಕ ಹೋಗುತ್ತದೆ, ನಂಬರ್ ಅದೇ. ರೌಟರನ್ನು ಮಾತ್ರ ನಡುಮನೆಯಲ್ಲಿ, ಬಾಗಿಲಿಗೆ ನೇರವಾಗಿ ಇಡಿ. ಕಲ್ಲುಗೋಡೆ ವೈಫೈಯನ್ನೂ ಬಿಡುವುದಿಲ್ಲ.

ಬ್ಯಾಸಗಿಯೊಳಗ ಫೋನ್ ಬಾಳ ಬಿಸಿ ಆಗ್ತದ, ಚಾರ್ಜ್ ಏರಂಗಿಲ್ಲ. – ಕಲಬುರಗಿ

ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 40 ದಾಟಿರುತ್ತದೆ, ಚಾರ್ಜಿನ ಬಿಸಿ ಸೇರಿದರೆ ಆ ಗಡಿ ದೂರವಿಲ್ಲ. ಆಗ ಫೋನ್ ತಾನೇ ಚಾರ್ಜ್ ತಗ್ಗಿಸುತ್ತದೆ. ಹಿಂದಿನ ಕವರ್ ತೆಗೆದು, ಹಾಸಿಗೆಯ ಮೇಲಲ್ಲ, ಫರಸಿ ನೆಲದ ಮೇಲೆ ನೆರಳಲ್ಲಿಟ್ಟು ಚಾರ್ಜ್ ಮಾಡಿ. ಬೆಳಗಿನ ಜಾವ ಇನ್ನೂ ಒಳ್ಳೆಯದು. ತಂಪಾಗಲೆಂದು ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ನೀರಿನ ಪಸೆ ಕೂಡುತ್ತದೆ. ಸಿಗ್ನಲ್ ಕಡಿಮೆಯಿರುವ ಕಡೆ ಫೋನ್ ಟವರಿಗೆ ಮುಟ್ಟಲು ತನ್ನ ಪವರ್ ಏರಿಸುತ್ತದೆ, ಅದರಿಂದಲೂ ಬಿಸಿ. ಬೆನ್ನು ಉಬ್ಬಿದ್ದರೆ ಚಾರ್ಜ್ ಪೂರ್ತಿ ನಿಲ್ಲಿಸಿ, ಒತ್ತದೆ ಚುಚ್ಚದೆ ರಿಪೇರಿಯವರಿಗೆ ಕೊಡಿ.

ಅಪ್ಪಗ ಕೀಪ್ಯಾಡ್ ಫೋನೇ ಬೇಕು. ಅಂಗಡ್ಯಾಗ 'ಈ ಸಿಮ್ ಇದ್ರಾಗ ನಡೆಯಂಗಿಲ್ಲ' ಅಂದ್ರು. – ಚಿಂಚೋಳಿ

ಅಪ್ಪನ ಸಿಮ್ ಜಿಯೊದ್ದು, ಅಂಗಡಿಯ ಸೆಟ್ಟು 2ಜಿಯದು ಇರಬೇಕು. ಜಿಯೊಗೆ 2ಜಿ ಜಾಲ ಇಲ್ಲ, ಮಾತೂ 4ಜಿ ಮೇಲೆಯೇ ಹೋಗುತ್ತದೆ. ಡಬ್ಬಿಯ ಮೇಲೆ '4ಜಿ ವೋಲ್ಟಿ' ಎಂದು ಬರೆದ ಕೀಪ್ಯಾಡ್ ಸೆಟ್ಟನ್ನೇ ತಗೊಳ್ಳಿ. ಬ್ಯಾಟರಿ ಕೈಯಿಂದ ತೆಗೆಯಲು ಬರುವಂತಿದ್ದರೆ ಮುಂದೆ ಖರ್ಚು ಕಡಿಮೆ.

ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಕಳುವಾದರೆ ಮೊದಲು ಏನು ಮಾಡಬೇಕು? – ಯಾದಗಿರಿ

ಮೊದಲು ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ, ಆಮೇಲೆ ಬ್ಯಾಂಕಿಗೆ ತಿಳಿಸಿ ಯುಪಿಐ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಂತರ ಪೊಲೀಸ್ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ.

ಫೋನನ್ನೇ ನಿರುಪಯುಕ್ತ ಮಾಡುವುದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ. ಅಲ್ಲಿ ಐಎಂಇಐ (ಸೆಟ್ಟಿನ ಗುರುತಿನ) ನಂಬರ್, ಕಳೆದ ಜಾಗ ಮತ್ತು ದಿನ, ದೂರಿನ ಪ್ರತಿ, ಗುರುತಿನ ಚೀಟಿ ಕೊಡಬೇಕು. ಸಲ್ಲಿಸಿದ ಮೇಲೆ ಯಾವ ಕಂಪನಿಯ ಸಿಮ್ ಹಾಕಿದರೂ ಆ ಸೆಟ್ಟಿಗೆ ಜಾಲ ಸಿಗದಂತೆ ತಡೆಯುತ್ತಾರೆ. ಇಲ್ಲಿ ಬಹಳ ಜನ ಸಿಕ್ಕಿಬೀಳುವ ತೊಡಕೊಂದಿದೆ: ಹೊಸದಾಗಿ ತೆಗೆಸಿದ ಡೂಪ್ಲಿಕೇಟ್ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹಾಗಾಗಿ ಒಟಿಪಿಯೂ ಬರದು. ಒಟಿಪಿಗೆ ಮನೆಯವರ ನಂಬರ್ ಕೊಡಿ. ಸಿಗುವ ರಿಕ್ವೆಸ್ಟ್ ಐಡಿ ಬರೆದಿಡಿ, ಫೋನ್ ಮರಳಿ ಸಿಕ್ಕಾಗ ತಡೆ ತೆಗೆಸಲು ಅದೇ ಬೇಕು.

ಐಎಂಇಐ 15 ಅಂಕಿಯದು, ಎರಡು ಸಿಮ್ ಸೆಟ್ಟಿಗೆ ಎರಡು ಇರುತ್ತವೆ. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಎರಡನ್ನೂ ಬಿಲ್ಲಿನ ಹಿಂದೆ ಬರೆದಿಡಿ. ಹಳೆಯ ಫೋನ್ ಕೊಳ್ಳುವ ಮೊದಲೂ ಇದನ್ನು ನೋಡಿ: ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಸೆಟ್ಟಿನ ವಿವರ ಬರುತ್ತದೆ. ತಡೆಹಿಡಿದ ಸೆಟ್ಟಾದರೆ ಕೊಳ್ಳಬೇಡಿ.

ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಹಚ್ಚಿದರೆ 'ನಂಬರ್ ಸರಿಯಿಲ್ಲ' ಎನ್ನುತ್ತದೆ. – ಔರಾದ್

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಹಚ್ಚುವುದಿದ್ದರೂ ನಂಬರಿಗಿಂತ ಮೊದಲು ಸೊನ್ನೆ ಸೇರಿಸಬೇಕು, ಪಕ್ಕದ ಮನೆಯವರ ಮೊಬೈಲ್ ಆದರೂ. ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಊರಿನ ಕೋಡ್ ಬೇಕು: ಕಲಬುರಗಿ 08472, ಬೀದರ್ 08482, ಯಾದಗಿರಿ 08473, ಅದಾದ ಮೇಲೆ ಆರಂಕಿಯ ನಂಬರ್.